ಕಲ್ಲಿನ ಬುಡದ ಮೂರು ಸಾಲು

ನಾನು ನಾಟಕ ಬರೆಯುತ್ತೇನೆ ಎಂದಾಗ ಮೊದಲು ನಕ್ಕವರು ನನ್ನ ಮನೆಯವರೇ. ಅದು ಎರಡು ಸಾವಿರದ ಹತ್ತರ ದಶಕದ ನಡುವಿನ ಮಾತು. ಅಬುಧಾಬಿಯ ಮುಸಫ್ಫಾದಲ್ಲಿ, ತೈಲ ಕಂಪನಿಗಳಿಗೆ ಕಬ್ಬಿಣದ ಚೌಕಟ್ಟುಗಳನ್ನು ಮಾಡಿಕೊಡುವ ಒಂದು ವರ್ಕ್‌ಶಾಪಿನ ಆಫೀಸಿನಲ್ಲಿ ನಾನು ಡಾಕ್ಯುಮೆಂಟ್ ಕಂಟ್ರೋಲರ್ ಆಗಿದ್ದೆ. ನಕ್ಷೆಗಳು ಬರುತ್ತವೆ, ನಂಬರು ಹಾಕುತ್ತೇನೆ. ಎಲ್ಲ ಸಹಿಗಳೂ ಇವೆಯೇ ಎಂದು ನೋಡುತ್ತೇನೆ. ತಪ್ಪಿದ್ದರೆ ‘ರಿವೈಸ್ ಅಂಡ್ ರೀಸಬ್ಮಿಟ್’, ಅಂದರೆ ತಿದ್ದಿ ಮತ್ತೆ ಕಳಿಸಿ ಎಂಬ ಕೆಂಪು ಸೀಲು ಹೊಡೆದು ವಾಪಸು ಮಾಡುತ್ತೇನೆ. ಒಂದು ಸಹಿ ಕಡಿಮೆಯಿದ್ದರೆ ಎಂಥ ದೊಡ್ಡ ಮ್ಯಾನೇಜರನ ನಕ್ಷೆಯೂ ನನ್ನ ಮೇಜು ದಾಟುತ್ತಿರಲಿಲ್ಲ. ಬೆನ್ನ ಹಿಂದೆ ನನ್ನನ್ನು ‘ಚೆಕ್‌ಪೋಸ್ಟ್’ ಎನ್ನುತ್ತಿದ್ದರು. ನನಗದು ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು.

ಅಂಥವಳು ಆ ವರ್ಷ ರಾಜ್ಯೋತ್ಸವಕ್ಕೆ ನಮ್ಮ ಕನ್ನಡ ಬಳಗದವರ ಸಭೆಯಲ್ಲಿ ಎದ್ದು ನಿಂತು, “ಪ್ರತಿ ವರ್ಷ ಅದೇ ಗ್ರೂಪ್ ಡ್ಯಾನ್ಸ್ ನೋಡಿ ಸಾಕಾಗಿದೆ, ನಾನೊಂದು ಐತಿಹಾಸಿಕ ನಾಟಕ ಬರೆದು ಮಾಡಿಸ್ತೀನಿ” ಎಂದುಬಿಟ್ಟೆ. ಹೇಳಿ ಕೂತ ಮೇಲೆ, ನನಗೆ ನಾಟಕ ಬರೆಯಲು ಬರುತ್ತದೆಯೇ ಎಂಬ ಯೋಚನೆ ಬಂತು. ಆದರೆ ಬಾಯಿಂದ ಬಂದದ್ದು ಬಂದುಹೋಗಿತ್ತು.

ಕಥೆ ಮಾತ್ರ ನನ್ನ ಹತ್ತಿರ ಚಿಕ್ಕಂದಿನಿಂದಲೂ ಇತ್ತು. ನಮ್ಮೂರು ಹಾಸನದಾಚೆ, ಘಟ್ಟದ ಮೇಲಿನ ಬಯಲು ಸೀಮೆಯಲ್ಲಿದೆ. ಊರ ಕೆರೆಯ ಏರಿಯ ಕೆಳಗೆ ನಮ್ಮದೇ ಹೊಲದ ಮೂಲೆಯಲ್ಲಿ ಒಂದು ಶಾಸನದ ಕಲ್ಲಿದೆ. ಆಗ ಅದು ಸೊಂಟದವರೆಗೆ ಮಣ್ಣಿನಲ್ಲಿ ಹೂತು, ಒಂದು ಕಡೆಗೆ ತೀರಾ ವಾಲಿಕೊಂಡಿತ್ತು. ಅಮ್ಮ ಅದರ ಮೇಲೆ ಹಪ್ಪಳದ ಬಟ್ಟೆ ಹಾಸುತ್ತಿದ್ದಳು, ನಾನೂ ತಮ್ಮನೂ ಅದನ್ನೇ ಕುದುರೆ ಮಾಡಿಕೊಂಡು ಸವಾರಿ ಮಾಡುತ್ತಿದ್ದೆವು. ಶಾಲೆಯ ಮೇಷ್ಟ್ರು ಒಂದು ದಿನ ಇಡೀ ತರಗತಿಯನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಕಾಣುವಷ್ಟನ್ನು ಓದಿ ಹೇಳಿದ್ದರು. ಏಳೆಂಟು ನೂರು ವರ್ಷಗಳ ಹಿಂದೆ ಸಮುದ್ರದ ಕಡೆಯ ಒಬ್ಬ ಸಾಮಂತನಿಗೆ ತಾಯಿಯ ಒಡಹುಟ್ಟಿದವನಿಂದ ಘಟ್ಟದ ಮೇಲಿನ ಈ ಸೀಮೆ ಬಂತು. ಆತ ಎಂದೂ ನೋಡಿರದ ನಾಡು. ಘಟ್ಟ ಹತ್ತಿ ಬಂದ, ನೀರಿಲ್ಲದ ನೆಲ ನೋಡಿದ, ಕೆರೆ ಕಟ್ಟಿಸಿ ಅದರ ನಿರ್ವಹಣೆಗೆ ಭೂಮಿ ಬಿಟ್ಟ. ಸಮುದ್ರ ನೋಡಿ ಬೆಳೆದವನು ನಮ್ಮ ಒಣ ಬಯಲಿನ ಮಧ್ಯೆ ಮೊದಲ ದಿನ ನಿಂತು ಏನು ಅಂದುಕೊಂಡಿರಬಹುದು? ಮರುಭೂಮಿಗೆ ಬಂದಿಳಿದ ಮೊದಲ ವಾರ ನನಗೆ ಅವನದೇ ನೆನಪು ಬಂದಿತ್ತು.

ನಾಟಕ ಹನ್ನೆರಡು ದಿನದಲ್ಲಿ ಮುಗಿಯಿತು. ಬರೆಯುವಾಗ ಒಂದು ಜಾಣತನ ಮಾಡಿದೆ. ತಾಯಿಯ ಅಣ್ಣನಿಂದ ರಾಜ್ಯ ಬಂತು ಅಂದರೆ ಏನು ಸ್ವಾರಸ್ಯ? ಆ ಮಾವನಿಗೆ ಮಕ್ಕಳಿರಲಿಲ್ಲವೇನೋ, ಅದಕ್ಕೇ ಇವನಿಗೆ ಬಂದಿರಬೇಕು ಎಂದು ನನ್ನಷ್ಟಕ್ಕೆ ತೀರ್ಮಾನಿಸಿ, ಮಾವನನ್ನು ತೆಗೆದು ಅಪ್ಪನನ್ನು ಇಟ್ಟೆ. ಸಾಯುವ ಅಪ್ಪ ಮಗನ ಕೈಯಲ್ಲಿ ಕತ್ತಿ ಇಡುತ್ತಾನೆ, ಕೊನೆಯ ದೃಶ್ಯದಲ್ಲಿ ಸಾಮಂತ ತನ್ನ ಮಗನಿಗೆ ಪಟ್ಟ ಕಟ್ಟುತ್ತಾನೆ. ಸಾಮಂತನಿಗೊಬ್ಬಳು ತಂಗಿಯನ್ನೂ ಕೊಟ್ಟೆ, ಆರತಿ ಹಿಡಿಯಲು ಯಾರಾದರೂ ಬೇಕಲ್ಲ. ಆ ಪಾತ್ರ ಎಂಟನೇ ಕ್ಲಾಸಿನ ನನ್ನ ಮಗಳಿಗೆ. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ, ಹಾಗಾಗಿ ಅವಳಿಗಿದ್ದದ್ದು ಒಂದೇ ಮಾತು, “ಅಣ್ಣಾ, ಆರತಿ ತಂದಿದ್ದೇನೆ.”

ಅದೇ ದಿನಗಳಲ್ಲಿ ಊರಿನಿಂದ ತಮ್ಮ ಒಂದು ಕೊರಿಯರ್ ಕಳಿಸಿದ್ದ. ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು, ಅಮ್ಮ ಅದಕ್ಕೂ ಮುಂಚೆ ಹೋಗಿದ್ದಳು. ಇದ್ದವರು ನಾವಿಬ್ಬರೇ. ಹೈವೇ ಅಗಲವಾದ ಮೇಲೆ ಕೆರೆಯ ಕೆಳಗಿನ ಹೊಲಕ್ಕೆ ಬೆಲೆ ಬಂದಿತ್ತು. ಅಲ್ಲೊಂದು ಕಲ್ಯಾಣ ಮಂಟಪ ಕಟ್ಟಬೇಕು ಅಂತ ತಮ್ಮನಿಗೆ ಹುಮ್ಮಸ್ಸು. ಅದಕ್ಕೆ ಖಾತೆ ಅವನೊಬ್ಬನ ಹೆಸರಿಗೆ ಆಗಬೇಕು, ಅದಕ್ಕೆ ನನ್ನ ಹಕ್ಕು ಬಿಡುಗಡೆ ಪತ್ರ ಬೇಕು. ನಾನು ರಾಯಭಾರ ಕಚೇರಿಗೆ ಹೋಗಿ ಅಧಿಕಾರಿಯ ಎದುರು ಸಹಿ ಹಾಕಿ ಕಳಿಸಬೇಕು.

“ಒಂದ್ ಸೈನ್ ಅಷ್ಟೇ ಕಣಕ್ಕ. ನೀನೇನ್ ಬಂದು ಉಳ್ತೀಯಾ, ಬಿತ್ತೀಯಾ?” ಎಂದು ಫೋನಿನಲ್ಲಿ ನಕ್ಕಿದ್ದ.

ನಾನೂ ನಕ್ಕಿದ್ದೆ. ಹೆಣ್ಣುಮಕ್ಕಳು ಸಹಿ ಹಾಕುವುದು ನಮ್ಮ ಕಡೆ ಅರಿಶಿನ ಕುಂಕುಮ ತೆಗೆದುಕೊಂಡಷ್ಟೇ ಸಹಜ. ಹಾಕದವಳನ್ನು ಜನ ಏನಂತಾರೆ ಎಂಬುದೂ ಗೊತ್ತಿತ್ತು. ಲಕೋಟೆಯನ್ನು ಫ್ರಿಜ್ಜಿನ ಬಾಗಿಲಿಗೆ ಮ್ಯಾಗ್ನೆಟ್ಟಿನಿಂದ ಸಿಕ್ಕಿಸಿದೆ. ನಾಟಕ ಮುಗಿಯಲಿ, ಒಂದು ದಿನ ರಜೆ ಹಾಕಿ ಹೋದರಾಯಿತು ಎಂದುಕೊಂಡೆ. ಒಳಗಿನ ಕಾಗದವನ್ನು ಬಿಚ್ಚಿ ಓದಲೂ ಇಲ್ಲ.

ಆಗ ಅಲ್ಲಿ ಶುಕ್ರವಾರ, ಶನಿವಾರ ರಜೆ. ಮುಸಫ್ಫಾದ ಶಾಬಿಯಾದಲ್ಲಿ ಬಳಗದವರೊಬ್ಬರ ಫ್ಲ್ಯಾಟಿನ ಹಾಲಿನಲ್ಲಿ ಸೋಫಾ ಗೋಡೆಗೆ ತಳ್ಳಿ ಮೊದಲ ರಿಹರ್ಸಲ್ ಶುರುವಾಯಿತು. ಸಾಮಂತನ ಪಾತ್ರಕ್ಕೆ ನಮ್ಮ ವರ್ಕ್‌ಶಾಪಿನ ಫೋರ್‌ಮನ್ನೇ ಸಿಕ್ಕಿದ್ದರು. ಉಡುಪಿ ಕಡೆಯ ತುಳುವರು, ಐವತ್ತರ ಹತ್ತಿರದ ವಯಸ್ಸು, ನೂರು ಜನ ವೆಲ್ಡರುಗಳನ್ನು ಒಂದು ಕೂಗಿನಲ್ಲಿ ನಿಲ್ಲಿಸುವ ಗಂಟಲು. ಊರಿನಲ್ಲಿ ಯಕ್ಷಗಾನ ಕುಣಿದವರು. ಸಾಯುವ ಅಪ್ಪನ ಪಾತ್ರಕ್ಕೆ ಹೋಟೆಲಿನಲ್ಲಿ ಶೆಫ್ ಆಗಿದ್ದ ಮಂಗಳೂರಿನ ಕೊಂಕಣಿ ಕ್ಯಾಥೊಲಿಕ್ ಒಬ್ಬರು. ಅವರು ಸಾಯುವುದನ್ನು ಎಷ್ಟು ಚೆನ್ನಾಗಿ ಮಾಡುತ್ತಿದ್ದರೆಂದರೆ, ಮೊದಲ ಸಲ ಸತ್ತಾಗ ಆ ಮನೆಯಾಕೆ ಅಡುಗೆಮನೆಯಿಂದ ನೀರು ಹಿಡಿದು ಓಡಿಬಂದರು.

ಕೊನೆಯ ದೃಶ್ಯಕ್ಕೆ ಬಂದೆವು. ಫೋರ್‌ಮನ್ ಸ್ಕ್ರಿಪ್ಟು ಕೆಳಗಿಟ್ಟರು.

“ಮೇಡಂ, ಒಂದು ಕೇಳಿದ್ರೆ ಬೇಜಾರು ಮಾಡ್ಲಿಕ್ಕಿಲ್ಲ ಅಲ್ವಾ? ಇವ ಮಗನಿಗೆ ಎಂತಕ್ಕೆ ಪಟ್ಟ ಕಟ್ಟುವುದು?”

“ಮತ್ತೆ ಯಾರಿಗೆ ಕಟ್ತಾರೆ?”

“ಅಳಿಯನಿಗೆ. ತಂಗಿಯ ಮಗನಿಗೆ. ನಮ್ಮ ಕಡೆಯ ಅರಸು ಅಲ್ವಾ ಇವ? ಇವನಿಗೆ ಸೀಮೆ ಬಂದದ್ದೇ ಮಾವನಿಂದ ಆಗಿರ್ಬೇಕು. ಅಪ್ಪನಿಂದ ಬರ್ಲಿಕ್ಕೆ ಸಾಧ್ಯವೇ ಇಲ್ಲ.”

ಕಲ್ಲಿನಲ್ಲಿ ಮಾವನೇ ಇದ್ದದ್ದು ಅಲ್ಲಿ ನನ್ನೊಬ್ಬಳಿಗೇ ಗೊತ್ತು. ಆದರೆ ಸೋಲುವುದು ನನ್ನ ಜಾಯಮಾನದಲ್ಲಿಲ್ಲ. “ಮಾವನಿಗೆ ಮಕ್ಕಳಿರಲಿಲ್ಲ, ಅದಕ್ಕೇ ಹಾಗಾಗಿರಬೇಕು. ನಾನು ಸ್ವಲ್ಪ ಬದಲಾಯಿಸಿದ್ದೇನೆ, ಅಷ್ಟೆ” ಎಂದೆ.

ಕರಾವಳಿಯ ಅರ್ಧ ತಂಡ ಘೊಳ್ಳೆಂದು ನಕ್ಕಿತು. ಫೋರ್‌ಮನ್ ನಗಲಿಲ್ಲ. ಚಿಕ್ಕ ಮಗುವಿಗೆ ಹೇಳುವ ಹಾಗೆ ತಾಳ್ಮೆಯಿಂದ ಹೇಳಿದರು. “ಮಾವನಿಗೆ ಹತ್ತು ಮಕ್ಕಳಿದ್ರೂ ಅವರಿಗೆ ಬರುವುದಿಲ್ಲ ಮೇಡಂ. ಆ ಮಕ್ಕಳು ಅವರ ತಾಯಿಯ ಮನೆಗೆ ಸೇರಿದವರು. ನಮ್ಮಲ್ಲಿ ಭೂಮಿ ತಾಯಿಯ ಕಡೆಯಿಂದ ಇಳಿಯುವುದು, ಅಳಿಯಕಟ್ಟು ಅಂತ. ಈಗ ಕಾನೂನು ಬೇರೆ ಆಯ್ತು. ಆದ್ರೆ ನಮ್ಮ ಅಜ್ಜಿಯ ಕಾಲದವರೆಗೆ ಹಾಗೇ ಇದ್ದದ್ದು.”

“ಹಾಗಾದರೆ ರಾಜ್ಯ ಹೆಂಗಸರದ್ದು ಅನ್ನಿ!”

“ಹೆಂಗಸರಿಂದ ಬರುವುದು. ಯಜಮಾನಿಕೆ ಗಂಡಸರದ್ದೇ.”

“ಅದಂತೂ ಎಲ್ಲಾ ಕಡೆ ಇದ್ದದ್ದೇ!” ಎಂದೆ. ಈ ಸಲ ಹೆಂಗಸರು ನಕ್ಕರು.

“ಆದ್ರೆ ಒಂದುಂಟು” ಎಂದು ಫೋರ್‌ಮನ್ ಬೆರಳೆತ್ತಿದರು. “ಭೂಮಿ ಯಾರಿಗಾದ್ರೂ ಕೊಡುವುದಾದ್ರೆ ಅಕ್ಕತಂಗಿಯರನ್ನು ಕೇಳದೆ ಕೊಡುವ ಹಾಗಿಲ್ಲ. ನಿಮ್ಮ ಈ ಅರಸು ಕೆರೆಗೆ ಭೂಮಿ ಬಿಟ್ಟ ಅಂತೀರಿ. ಹಾಗಾದ್ರೆ ತಂಗಿಯ ಒಪ್ಪಿಗೆ ಆ ಕಲ್ಲಿನಲ್ಲಿ ಇದ್ದೇ ಇರ್ಬೇಕು. ನೀವು ಪೂರ್ತಿ ಓದಿದ್ದೀರಾ?”

ಪೂರ್ತಿ! ಅರ್ಧ ಕಲ್ಲು ಮಣ್ಣಿನೊಳಗಿದೆ. ಎಲ್ಲ ನಕ್ಷೆಗಳನ್ನೂ ಕೊನೆಯ ಮೂಲೆಯವರೆಗೆ ಓದುವ ನಾನು ಕೂತು ಆಡಿದ ಕಲ್ಲನ್ನೇ ಪೂರ್ತಿ ಓದಿರಲಿಲ್ಲ. “ಬಾಜಿ ಕಟ್ಟೋಣ” ಎಂದೆ. “ಕಲ್ಲು ಅಗೆಸಿ ಓದಿಸ್ತೀನಿ. ತಂಗಿ ಇಲ್ಲದೇ ಹೋದರೆ ನಾನು ಬರೆದದ್ದನ್ನು ನೀವು ಬಾಯಿ ಮುಚ್ಚಿಕೊಂಡು ಆಡಬೇಕು.”

“ಇದ್ರೆ?”

“ಇದ್ದರೆ ಇಡೀ ನಾಟಕ ತಿದ್ದುತ್ತೇನೆ.”

“ನಾನು ಅಪ್ಪನೋ ಮಾವನೋ ಬೇಗ ಹೇಳಿ ಮಾರಾಯ್ರೆ” ಎಂದರು ನೆಲದ ಮೇಲೆ ಇನ್ನೂ ಹೆಣವಾಗಿಯೇ ಮಲಗಿದ್ದ ಶೆಫ್. “ಸಾಯುವುದಂತೂ ನಾನೇ ಅಲ್ವಾ?”

ಅಂದು ಸಂಜೆಯೇ ತಮ್ಮನಿಗೆ ಫೋನು ಮಾಡಿದೆ. ಹೊಲದ ಕಲ್ಲನ್ನು ಬುಡದವರೆಗೆ ಬಿಡಿಸಬೇಕು, ಮೇಷ್ಟ್ರನ್ನು ಕರೆಸಿ ಓದಿಸಬೇಕು ಎಂದೆ. ಅವನಿಗೆ ಇಂಥವೆಲ್ಲ ಬಲು ಇಷ್ಟ. “ಹೆಂಗೂ ಆ ಕಲ್ಲು ಕೀಳಿಸ್ಬೇಕಿತ್ತು ಕಣಕ್ಕ, ಮಂಟಪದ ಗೇಟು ಅಲ್ಲೇ ಬರೋದು. ಬರೋ ಶುಕ್ರವಾರ ಜನ ಕರ್ಕೊಂಡು ಹೋಯ್ತೀನಿ” ಎಂದ. ಕೀಳಿಸುವ ಮಾತು ಕೇಳಿ ನನಗೆ ಒಂದು ಕ್ಷಣ ಏನೋ ಚುಚ್ಚಿತು. ಬಾಜಿಯ ಗಡಿಬಿಡಿಯಲ್ಲಿ ಅದನ್ನು ಬದಿಗೆ ಸರಿಸಿದೆ.

ಮಾರನೆಯ ದಿನ ಶನಿವಾರ. ಸಾಮಂತನಿಗೆ ಸಿಂಹಾಸನ ಬೇಕಿತ್ತು. ಕಿರೀಟ, ಕತ್ತಿಗಳಿಗೆ ಚಿಂತೆಯಿರಲಿಲ್ಲ. ಫೋರ್‌ಮನ್ ವರ್ಕ್‌ಶಾಪಿನಲ್ಲಿ ಉಳಿದ ಅಲ್ಯೂಮಿನಿಯಂ ತಗಡನ್ನು ಮ್ಯಾನೇಜರನ ಅನುಮತಿ ಪಡೆದು ತಾವೇ ಕತ್ತರಿಸಿದ್ದರು. ಸಿಂಹಾಸನಕ್ಕೆ ಮಾತ್ರ ಅವರ ಪಿಕಪ್ಪಿನಲ್ಲಿ ದುಬೈಗೆ, ರಾಸ್ ಅಲ್ ಖೋರ್‌ನ ಗ್ಯಾರೇಜುಗಳಿಗೆ ಹೋದೆವು. ಫೋರ್‌ಮನ್, ನಾನು, ನನ್ನ ಮಗಳು. ಅವರಿಗೆ ಪರಿಚಯದ ಒಬ್ಬ ಪಠಾಣ ಹಳೆಯ ಕಾರುಗಳನ್ನು ಬಿಚ್ಚುತ್ತಿದ್ದ. ಅವನ ಅಂಗಳದಲ್ಲಿ ಯಾವುದೋ ಶ್ರೀಮಂತನ ಕಾರಿನಿಂದ ಕಿತ್ತ ಕೆಂಪು ಚರ್ಮದ ಸೀಟೊಂದು ಬಿಸಿಲಿನಲ್ಲಿ ಕೂತಿತ್ತು. ನೋಡಿದ ತಕ್ಷಣ ಮಗಳು ಚಪ್ಪಾಳೆ ತಟ್ಟಿದಳು.

“ಕಿಸ್ ಕೇ ಲಿಯೇ?” ಯಾರಿಗೆ ಇದು ಎಂದು ಪಠಾಣ ಕೇಳಿದ.

“ರಾಜಾ ಕೇ ಲಿಯೇ” ಎಂದು ಫೋರ್‌ಮನ್ ಎದೆ ಉಬ್ಬಿಸಿದರು.

ಅವನು ಅವರನ್ನು ಮೇಲಿಂದ ಕೆಳಗೆ ನೋಡಿ ಗಡ್ಡ ಅಲುಗುವಷ್ಟು ನಕ್ಕು, ನಮಗೆ ಹಾಲಿಲ್ಲದ ಸುಲೇಮಾನಿ ಚಹಾ ಕುಡಿಸಿ, ಸೀಟನ್ನು ಪುಕ್ಕಟೆಯಾಗಿ ಗಾಡಿಗೆ ಏರಿಸಿಕೊಟ್ಟ. “ಯಲ್ಲಾ, ಖಲಾಸ್!” ಎಂದ, ಹೊರಡಿ, ಕೆಲಸ ಆಯಿತು ಅನ್ನುವ ಹಾಗೆ. ವಾಪಸು ಬರುವಾಗ ಮಗಳು ಹಿಂದೆ ತಿರುಗಿ ತಿರುಗಿ ಸಿಂಹಾಸನ ಬಿದ್ದಿಲ್ಲ ತಾನೇ ಎಂದು ನೋಡುತ್ತಿದ್ದಳು. ಅಂಥ ಸಂತೋಷದ ಪ್ರಯಾಣವನ್ನು ನಾನು ಆ ದೇಶದಲ್ಲಿ ಮತ್ತೆ ಮಾಡಿಲ್ಲ.

ಮುಂದಿನ ಶುಕ್ರವಾರ ಬಂತು. ನಾಟಕಕ್ಕೆ ಇನ್ನು ಮೂರೇ ವಾರ. ಹತ್ತು ಗಂಟೆಗೆ ರಿಹರ್ಸಲ್ ನಡುವೆ ತಮ್ಮನ ಮೆಸೇಜುಗಳು ಬರತೊಡಗಿದವು. ಮೊದಲು ಫೋಟೋ: ಅಗೆದ ಗುಂಡಿ, ಬುಡದವರೆಗೆ ಕಾಣುವ ಕಲ್ಲು, ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತ ಮೇಷ್ಟ್ರು. ಕೂದಲೆಲ್ಲ ಬಿಳಿ, ಕನ್ನಡಕ ದಪ್ಪ. ಮುಂದಿನ ಫೋಟೋದಲ್ಲಿ ತಮ್ಮ ತೆಂಗಿನ ನಾರಿನಿಂದ ಕಲ್ಲು ಉಜ್ಜುತ್ತಿದ್ದಾನೆ. ಆಮೇಲೆ ಅದರ ಮೇಲೆ ರಂಗೋಲಿ ಪುಡಿ ಸವರಿದ್ದಾನೆ, ಅಕ್ಷರಗಳು ಬೆಳ್ಳಗೆ ಎದ್ದು ಬಂದಿವೆ! ಎಲ್ಲರೂ ನನ್ನ ಸುತ್ತ ಮುಗಿಬಿದ್ದರು. ಶೆಫ್ ಸಾಯುವುದನ್ನು ಅರ್ಧಕ್ಕೇ ಬಿಟ್ಟು ಎದ್ದುಬಂದರು. ನಾನು ಫೋನನ್ನು ಲೌಡ್‌ಸ್ಪೀಕರಿಗೆ ಹಾಕಿದೆ.

ಒಂದು ವಾಯ್ಸ್ ಮೆಸೇಜ್ ಬಂತು. ಮೇಷ್ಟ್ರ ಧ್ವನಿ, ನಡುಗುತ್ತಿದ್ದರೂ ತರಗತಿಯಲ್ಲಿದ್ದಷ್ಟೇ ಗತ್ತು.

“ಕೇಳಿಸ್ತಾ ಇದೆಯೇನಮ್ಮ? ಬುಡದಲ್ಲಿ ಮೂರು ಸಾಲಿದೆ. ಮೊದಲನೇದು, ಸಾಕ್ಷಿಗಳು. ಎರಡನೇದು... ತಡಿ, ಪುಡಿ ಹಾಕಯ್ಯ ಇಲ್ಲಿ... ಎರಡನೇದು, ಈ ಭೂಮಿಯನ್ನು ತನ್ನ ತಂಗಿಯನ್ನು ಕೇಳಿ, ಆಕೆ ಒಪ್ಪಿದ ಮೇಲೆ ಬಿಟ್ಟ ಅಂತ ಇದೆ ಕಣಮ್ಮ! ಮೂರನೇ ಸಾಲಲ್ಲಿ ಆಕೆ ಒಪ್ಪ, ಅಂದ್ರೆ ಆಕೆಯ ರುಜು. ಹೆಸರು ಮಾತ್ರ ಸವೆದು ಹೋಗಿದೆ. ಎಷ್ಟು ನೋಡಿದ್ರೂ ಸಿಗ್ತಾ ಇಲ್ಲ.”

ಹಾಲಿನಲ್ಲಿ ಕೂಗೋ ಕೂಗು. ಫೋರ್‌ಮನ್ ಅಲ್ಯೂಮಿನಿಯಂ ಕತ್ತಿ ಎತ್ತಿ ಒಂದು ಸುತ್ತು ಕುಣಿದೇಬಿಟ್ಟರು. ಕೆಳಗಿನ ಮನೆಯವರು ಬಂದು ಬಾಗಿಲು ಬಡಿದರು. ಬಾಜಿ ಸೋತ ನಾನೇ ಎಲ್ಲರಿಗಿಂತ ಜೋರಾಗಿ ಕಿರುಚುತ್ತಿದ್ದೆ. ಏಳೆಂಟು ನೂರು ವರ್ಷ ಮಣ್ಣಿನೊಳಗಿದ್ದ ಒಬ್ಬ ಹೆಂಗಸು ನಮ್ಮ ಹೊಲದಲ್ಲಿ, ನಮ್ಮ ಹಪ್ಪಳದ ಕೆಳಗೆ! ನನಗೆ ಮೈಯೆಲ್ಲ ರೋಮಾಂಚನವಾಗಿತ್ತು, ಕಣ್ಣಲ್ಲಿ ನೀರೂ ಇತ್ತು.

ಆ ಗದ್ದಲದಲ್ಲಿ ಮಗಳು ನನ್ನ ತೋಳು ಹಿಡಿದು ಎಳೆದಳು. “ಅಮ್ಮಾ, ದೆನ್ ವೈ ಡಿಡಂಟ್ ಮಾಮಾ ಆಸ್ಕ್ ಯೂ?”

“ಏನು ಕೇಳಬೇಕಿತ್ತು?”

“ಫ್ರಿಜ್ ಮೇಲಿನ ಪೇಪರ್. ಹೀ ಜಸ್ಟ್ ಸೆಂಟ್ ಇಟ್.”

ಕೂಗು ನಿಂತಿತು. ಯಾವ ಪೇಪರು ಎಂದು ಯಾರೂ ಕೇಳಲಿಲ್ಲ, ಅಲ್ಲಿದ್ದ ಹೆಂಗಸರಲ್ಲಿ ಅರ್ಧ ಜನ ಅಂಥ ಪೇಪರಿಗೆ ಸಹಿ ಹಾಕಿದವರೇ. ಅಷ್ಟರಲ್ಲಿ ಫೋನಿನಲ್ಲಿ ತಮ್ಮನ ಇನ್ನೊಂದು ವಾಯ್ಸ್ ಮೆಸೇಜು ನನ್ನ ಬೆರಳು ತಾಗಿ ಶುರುವಾಯಿತು. “ನೋಡ್ದಾ ಅಕ್ಕ, ಎಂಥ ಕಲ್ಲು ನಮ್ದು! ಸರಿ, ನಿನ್ ನಾಟಕ ಆಯ್ತಲ್ಲ, ಆ ಸೈನ್ ಬೇಗ ಕಳ್ಸ್‌ಬುಡು.”

ಅಂದು ಮಧ್ಯಾಹ್ನ ಮನೆಗೆ ಬಂದು ಲಕೋಟೆ ಒಡೆದು ಮೊದಲ ಸಲ ಓದಿದೆ. ನಾಲ್ಕು ಪುಟ. ಯಾರ ಒತ್ತಾಯವೂ ಇಲ್ಲದೆ, ಸ್ವಸಂತೋಷದಿಂದ, ತಮ್ಮನ ಮೇಲಿನ ಪ್ರೀತಿಯಿಂದ ನನ್ನ ಸಮಸ್ತ ಹಕ್ಕುಗಳನ್ನೂ ಬಿಟ್ಟಿರುತ್ತೇನೆ ಎಂದು ನಾನು ಹೇಳಿದ್ದೆ. ಯಾವಾಗ ಹೇಳಿದೆನೋ ನನಗೇ ಗೊತ್ತಿಲ್ಲ! ಪ್ರೀತಿ ಇತ್ತು, ಅದರಲ್ಲಿ ಸುಳ್ಳಿಲ್ಲ. ಆದರೆ ಕೇಳಿದವರು ಯಾರು? ಚಕ್ಕುಬಂದಿಯಲ್ಲಿ ಪೂರ್ವಕ್ಕೆ ಕೆರೆ ಏರಿ, ಪಶ್ಚಿಮಕ್ಕೆ ಹೈವೇ ಎಂದೆಲ್ಲ ಇತ್ತು. ಕಲ್ಲಿನ ಸುದ್ದಿಯೇ ಇರಲಿಲ್ಲ. ಕೋಪ ಬಂತು, ತಮ್ಮನ ಮೇಲಲ್ಲ, ನನ್ನ ಮೇಲೆ. ಪರರ ಚೌಕಟ್ಟುಗಳ ನಕ್ಷೆಯನ್ನು ಭೂತಗನ್ನಡಿ ಹಿಡಿದು ನೋಡುವವಳು ನನ್ನ ಅಪ್ಪನ ಹೊಲದ ಕಾಗದಕ್ಕೆ ಓದದೆ ಸಹಿ ಹಾಕಲು ಹೊರಟಿದ್ದೆ.

ಭಾನುವಾರ ಬೆಳಿಗ್ಗೆ ಅದನ್ನು ಆಫೀಸಿಗೆ ಒಯ್ದೆ. ನನ್ನ ಮೇಜಿನ ಮೇಲೆ ಬಿಡಿಸಿಟ್ಟು ‘ರಿವೈಸ್ ಅಂಡ್ ರೀಸಬ್ಮಿಟ್’ ಸೀಲನ್ನು ನಾಲ್ಕೂ ಪುಟಗಳ ಮೇಲೆ ಢಂ ಢಂ ಎಂದು ಹೊಡೆದೆ. ಕೆಂಪು ಪೆನ್ನಿನಲ್ಲಿ ಕೆಳಗೆ ಬರೆದೆ: “ಕಲ್ಲನ್ನು ತೋರಿಸಿಲ್ಲ. ಸಹಿ ಹಾಕುವವಳನ್ನು ಕೇಳಿಲ್ಲ. ಕಲ್ಲು ಮತ್ತು ಅದಕ್ಕೆ ಹೋಗುವ ದಾರಿ ಸೇರಿ ಹತ್ತು ಗುಂಟೆ ಅಕ್ಕನ ಹೆಸರಿನಲ್ಲಿ ಉಳಿಯಬೇಕು. ತಿದ್ದಿ ಕಳಿಸು.” ಫೋಟೋ ತೆಗೆದು ತಮ್ಮನಿಗೆ ಕಳಿಸಿದೆ. ಓದಿದ ಗುರುತಿನ ಎರಡು ನೀಲಿ ಗೆರೆಗಳು ಬಿದ್ದವು. ಉತ್ತರ ಬರಲಿಲ್ಲ.

ಒಂದು ದಿನ, ಒಂದು ವಾರ. ಅವನು ದಿನಾ ಕಳಿಸುತ್ತಿದ್ದ ಶುಭೋದಯದ ಹೂವಿನ ಚಿತ್ರವೂ ನಿಂತುಹೋಯಿತು. ನಾನು ಆ ಚಿತ್ರಗಳನ್ನು ಎಷ್ಟು ಬೈದುಕೊಂಡಿದ್ದೆನೋ ಅಷ್ಟೇ ಅವುಗಳಿಗಾಗಿ ಹಂಬಲಿಸಿದೆ. ಊರಿನಲ್ಲಿ ನನಗೆ ಉಳಿದಿದ್ದವನು ಅವನೊಬ್ಬನೇ. ಹತ್ತು ಗುಂಟೆ ಮಣ್ಣಿಗಾಗಿ ಬೆನ್ನಿಗೆ ಬಿದ್ದ ತಮ್ಮನನ್ನು ಕಳೆದುಕೊಂಡೆನೇ ಎಂದು ಭಯವಾಗುತ್ತಿತ್ತು. ಎರಡು ಸಲ ‘ಹೋಗಲಿ ಬಿಡು, ಸಹಿ ಹಾಕುತ್ತೇನೆ’ ಎಂದು ಟೈಪು ಮಾಡಿ ಅಳಿಸಿದೆ. ಅಳಿಸಿದ ಮೇಲೆ ಕೂತು ನಾಟಕ ತಿದ್ದಿದೆ. ಅಪ್ಪ ಹೋಗಿ ಮಾವ ಬಂದ. ಪಟ್ಟಾಭಿಷೇಕ ಹೋಗಿ ತಂಗಿ ಬಂದಳು. ಮಗಳ ಒಂದು ಮಾತು ಒಂದೂವರೆ ಪುಟವಾಯಿತು.

“ಟೂ ಮಚ್ ಕನ್ನಡ, ಅಮ್ಮಾ!” ಎಂದು ಅವಳು ಗೋಳಾಡಿದಳು. ಆದರೆ ಸ್ಕೂಲ್ ಬಸ್ಸಿನಲ್ಲಿ, ಸ್ನಾನದ ಮನೆಯಲ್ಲಿ, ತಿಂಡಿ ತಿನ್ನುವಾಗ ಆ ಮಾತುಗಳೇ. ಮನೆಯವರು, ಅಂದರೆ ನನ್ನ ಗಂಡ, ಅಲ್ ಐನ್‌ನಲ್ಲಿ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದರು, ವಾರಕ್ಕೊಮ್ಮೆ ಬರುತ್ತಿದ್ದರು. ಆ ಶುಕ್ರವಾರ ಬಾಗಿಲು ತೆರೆಯುತ್ತಲೇ ಮಗಳು ಸೊಂಟದ ಮೇಲೆ ಕೈಯಿಟ್ಟು “ಓದಿ ಹೇಳು!” ಎಂದು ಗದರಿದ್ದಕ್ಕೆ ಹೆದರಿ ಕೈಯಲ್ಲಿದ್ದ ಖರ್ಜೂರದ ಡಬ್ಬಿ ಬೀಳಿಸಿದರು. ನಾಟಕ ಚೆನ್ನಾಗಿಯೇ ಬರುತ್ತದೆ ಎಂದು ಅವರಿಗೆ ನಂಬಿಕೆ ಹುಟ್ಟಿದ್ದು ಆಗಲೇ.

ನಾಟಕದ ದಿನ ಒಂದು ಶಾಲೆಯ ಸಭಾಂಗಣ ತುಂಬಿ ಜನ ಗೋಡೆಗೊರಗಿ ನಿಂತಿದ್ದರು. ಶೆಫ್ ಸೊಗಸಾಗಿ ಸತ್ತರು, ಸಿಳ್ಳೆ ಬಿತ್ತು. ಸಾಮಂತ ಘಟ್ಟ ಹತ್ತಿದ, ಬರಡು ನೆಲ ನೋಡಿದ, ಬಂದು ಸಿಂಹಾಸನದ ಮೇಲೆ ಗತ್ತಿನಿಂದ ಕೂತ. ಕೂತದ್ದೇ ತಡ, ಸೀಟಿನ ಪಕ್ಕದ ಹಿಡಿಗೆ ಅವರ ಕತ್ತಿ ತಾಗಿ ಸಿಂಹಾಸನ ಹಿಂದಕ್ಕೆ ಮಡಚಿಕೊಂಡಿತು. ಅರಸರು ಅಂಗಾತ! ನಾನು ಪರದೆಯ ಹಿಂದೆ ಬಾಯಿಗೆ ಸೆರಗು ತುರುಕಿಕೊಂಡೆ. ಫೋರ್‌ಮನ್ ಮಲಗಿದಲ್ಲಿಂದಲೇ, ಯಕ್ಷಗಾನದ ಗಂಟಲಿನಲ್ಲಿ, “ಘಟ್ಟ ಹತ್ತಿ ದಣಿದಿದ್ದೇವೆ, ಮಂತ್ರಿಗಳೇ!” ಎಂದರು. ಸಭಾಂಗಣ ಚಪ್ಪಾಳೆಯಿಂದ ಅದುರಿತು.

ಕೊನೆಯ ದೃಶ್ಯ. ಸಾಮಂತ ತಂಗಿಯ ಮುಂದೆ ಓಲೆ ಚಾಚುತ್ತಾನೆ. “ಕೆರೆಗೆ ಭೂಮಿ ಬಿಡುತ್ತಿದ್ದೇನೆ ತಂಗೀ, ನಿನ್ನ ಒಪ್ಪವೊಂದು ಬೇಕು.”

ನನ್ನ ಮಗಳು, ರೇಷ್ಮೆ ಸೀರೆಯಲ್ಲಿ, ಒಂದು ಹೆಜ್ಜೆ ಮುಂದೆ ಬಂದಳು. “ಯಾವ ನೆಲ ಅಣ್ಣ? ಎಷ್ಟು? ಯಾರಿಗಾಗಿ? ಓದಿ ಹೇಳು. ನಾನು ಒಪ್ಪುವವಳೇ. ಆದರೆ ಏನೆಂದು ಕೇಳದೆ ಹೇಗೆ ಒಪ್ಪಲಿ?”

ಉಚ್ಚಾರದಲ್ಲಿ ಇಂಗ್ಲಿಷಿನ ಎಳೆಯಿತ್ತು. ಯಾರೂ ಅದನ್ನು ಲೆಕ್ಕಿಸಲಿಲ್ಲ. ಹಿಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಎದ್ದು ನಿಂತು ಚಪ್ಪಾಳೆ ತಟ್ಟಿದಳು, ಅವಳ ಪಕ್ಕದವಳು ಎದ್ದಳು, ಹಾಗೆಯೇ ಸಾಲು ಸಾಲು ಎದ್ದಿತು. ಫೋರ್‌ಮನ್ ಓಲೆಯನ್ನು ಪೂರ್ತಿ ಓದಿ ಮುಗಿಸುವವರೆಗೂ ಯಾರೂ ಕೂರಲಿಲ್ಲ. ನಾನು ಪರದೆಯ ಹಿಂದೆ ಬಿಕ್ಕಿ ಬಿಕ್ಕಿ ಅಳುತ್ತಾ ನಗುತ್ತಿದ್ದೆ.

ವಿಡಿಯೋವನ್ನು ತಮ್ಮನಿಗೆ ಒಂದು ಮಾತೂ ಸೇರಿಸದೆ ಕಳಿಸಿದೆ. ಮಾರನೆಯ ದಿನ ಬೆಳಿಗ್ಗೆ ದೋಸೆ ಹುಯ್ಯುತ್ತಿದ್ದಾಗ ಫೋನು ಬಂತು.

“ಅಕ್ಕ.”

“ಹೇಳು.”

“ನಾನು ನಿನ್ನ ತಮ್ಮ ಅಲ್ವಾ? ಆಫೀಸಿನ ಸೀಲ್ ಹೊಡೆದು ಕಳ್ಸ್‌ದಲ್ಲ ನೀನು. ಊಟ ಸೇರ್ಲಿಲ್ಲ ನಂಗೆ.”

“ನನಗೂ ಸೇರಲಿಲ್ಲ ಕಣೋ.”

ದೋಸೆ ಕರಕಲಾಯಿತು.

“ಇಂಜಿನಿಯರ್‌ನ ಕೇಳ್ದೆ” ಎಂದ ಕೊನೆಗೆ. “ಗೇಟು ಆ ಕಡೆಗೆ ಇಡಬೋದಂತೆ. ಈಗ ಕೇಳ್ತಾ ಇದೀನಿ ನೋಡು. ಹತ್ತು ಗುಂಟೆ ನಿಂದು, ಮಿಕ್ಕಿದ್ದು ನಂಗೆ ಕೊಡ್ತೀಯಾ?”

“ಕೊಡ್ತೀನಿ. ಬಂದು, ಓದಿ, ಕೊಡ್ತೀನಿ.”

“ಕಲ್ಲು ಬೇರೆ ನೆಟ್ಟಗೆ ನಿಲ್ಲಿಸ್ದೆ” ಎಂದ. “ವಿಡಿಯೋದಲ್ಲಿ ನಿನ್ನ ಮಗಳು ನನ್ನನ್ನೇ ಬೈದಂಗಿತ್ತು.”

ಜುಲೈ ರಜೆಗೆ ಊರಿಗೆ ಹೋದೆವು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನಾನು ಹೊಸ ಪತ್ರವನ್ನು ಗಟ್ಟಿಯಾಗಿ ಓದಿ, ಆಮೇಲೆ ಸಹಿ ಹಾಕಿದೆ. ಹಿಂದೆ ಸಾಲಿನಲ್ಲಿ ನಿಂತವರು ಗೊಣಗಿದರು, ನಾನು ಒಂದು ಅಕ್ಷರವನ್ನೂ ಬಿಡಲಿಲ್ಲ. ಹತ್ತು ಗುಂಟೆಗೆ ನನ್ನ ಹೆಸರಿನಲ್ಲಿ ಬರಬೇಕಾದ ಪಹಣಿ ನಾವು ಮರಳುವ ಎರಡು ದಿನ ಮೊದಲು ಕೈಗೆ ಸಿಕ್ಕಿತು. ತಮ್ಮ ಅದನ್ನು ಕಲ್ಲಿನ ಹತ್ತಿರವೇ ತಂದುಕೊಟ್ಟ. ಕಲ್ಲು ಈಗ ಎದೆಯೆತ್ತರ ನಿಂತಿತ್ತು. ಮೂರನೇ ಸಾಲಿನಲ್ಲಿ ಆ ತಂಗಿಯ ಹೆಸರಿದ್ದ ಜಾಗವನ್ನು ಮಗಳು ಬೆರಳಿನಿಂದ ಸವರಿ ನೋಡಿದಳು. ಬರೀ ನುಣುಪು. ಆಮೇಲೆ ಪಹಣಿ ಕೈಗೆ ತೆಗೆದುಕೊಂಡು ನನ್ನ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದಳು, ಮತ್ತೊಮ್ಮೆ ಓದಿದಳು.

“ಅಮ್ಮಾ, ನಿನ್ನ ನಂತರ ಇಲ್ಲಿ ನನ್ನ ಹೆಸರು ಬರುತ್ತಾ?” ಎಂದು ಕೇಳಿದಳು. ಕನ್ನಡದಲ್ಲೇ, ಯಾರೂ ಹೇಳಿಕೊಡದೆ.

ಉತ್ತರ ಕೊಟ್ಟವನು ಅವಳ ಸೋದರಮಾವ.

“ಬರುತ್ತೆ ಕಣವ್ವ. ಆಗ ಈ ಮಾವ ಏನಾದ್ರೂ ಕೇಳೋಕೆ ಬಂದ್ರೆ, ಮೊದ್ಲು ಓದಿ ಹೇಳು ಅನ್ನು” ಎಂದ.